ಮೈಕು ಕೂಗಿಸುವ ಸಿದರಾಯ

ರಬಕವಿಯ ಆಚೆ, ಕೃಷ್ಣೆಯ ದಂಡೆಯ ಬೀಳು ಹೊಲದಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಸಿದರಾಯ ಎರಡು ಭೋಂಗಾಗಳನ್ನು, ಅಂದರೆ ತುತ್ತೂರಿ ಬಾಯಿಯ ಧ್ವನಿವರ್ಧಕಗಳನ್ನು, ಕಲ್ಲಿನ ಮೇಲೆ ಕೂರಿಸಿ, ಅವುಗಳ ಬಾಯಿಗೆ ಎದುರಾಗಿ ತುಸು ದೂರದಲ್ಲಿ ಒಂದು ಮೈಕು ನಿಲ್ಲಿಸಿದ್ದಾರೆ. ಗಾಳಿ ಹೊಡೆಯದಿರಲೆಂದು ಮೈಕಿಗೆ ಹಳೆಯ ಕಂಬಳಿಯ ತುಂಡು ಸುತ್ತಿದೆ. ಪಕ್ಕದಲ್ಲಿ ಮೂರು ರೇಡಿಯೊ. ಮೂರೂ ಯಾವ ಸ್ಟೇಷನ್ನೂ ಸಿಗದ ಜಾಗದಲ್ಲಿ ನಿಂತು ಸುಂಯ್ ಎನ್ನುತ್ತಿವೆ. ಆಂಪ್ಲಿಫೈಯರನ್ನು ಬ್ಯಾಟರಿಗೆ ಜೋಡಿಸಿ ಗುಂಡಿ ತಿರುಗಿಸುತ್ತಾರೆ. ಮೈಕು ಕೇಳಿದ್ದನ್ನು ಭೋಂಗಾ ಕೂಗುತ್ತದೆ, ಭೋಂಗಾ ಕೂಗಿದ್ದನ್ನು ಮೈಕು ಮತ್ತೆ ಕೇಳುತ್ತದೆ. ನೋಡನೋಡುತ್ತ ಉದ್ದನೆಯ ಕೂಗೊಂದು ಏಳುತ್ತದೆ. ಮದುವೆ ಮಂಟಪದಲ್ಲಿ ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತೇವಲ್ಲ, ಅದೇ ಕೂಗು.

ಆಗ ಅವರ ತಮ್ಮ ಮಾಳು ಕುರಿಹಿಂಡನ್ನು ಮೈಕು ಮತ್ತು ಭೋಂಗಾಗಳ ನಡುವೆ ಬಿಡುತ್ತಾನೆ. ಉಣ್ಣೆ ತುಂಬಿದ ಮೈಗಳು ಅಡ್ಡ ಬಂದಂತೆ ಕೂಗು ಇಳಿಯುತ್ತದೆ, ಒಡೆಯುತ್ತದೆ, ಕುರಿಗಳ ದನಿಯನ್ನೂ ಒಳಗೆ ಸೇರಿಸಿಕೊಂಡು ಬೇರೇನೋ ಆಗುತ್ತದೆ. ಹಿಂಡು ದಾಟಿದರೆ ಮತ್ತೆ ಮೇಲೇರುತ್ತದೆ. ಸಿದರಾಯ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ.

“ಉಣ್ಣಿ ಕತ್ತರಿಸಿದ ಮ್ಯಾಲ ಕೂಗು ಹಿಂಗ ಇಳಿಯಂಗಿಲ್ರಿ. ಅದಕ್ಕ ಕತ್ತರಿ ಹಾಕೂ ಮೊದ್ಲ ಬಂದೇವಿ” ಎನ್ನುತ್ತಾರೆ.

ದೊಡ್ಡ ಊರುಗಳಲ್ಲಿ ಇದಕ್ಕೆ ಪ್ರಯೋಗಶೀಲ ಇಲೆಕ್ಟ್ರಾನಿಕ್ ಸಂಗೀತ ಎಂದು ಹೆಸರಿಟ್ಟು, ಟಿಕೆಟ್ ಹಚ್ಚಿ ಕೇಳಿಸುತ್ತಾರಂತೆ. ಅವರ ಊರು ಬನಹಟ್ಟಿಯಲ್ಲಿ ಇದರ ಹೆಸರು ಹುಚ್ಚು. ಸಿದರಾಯರಿಗೆ ಆ ಹೆಸರೂ ಗೊತ್ತಿಲ್ಲ, ಈ ಹೆಸರಿನ ಬಗ್ಗೆ ತಲೆಕೆಡಿಸಿಕೊಂಡೂ ಇಲ್ಲ.

ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮನೆತನ. ಅಪ್ಪ ಕುರಿ ಹಿಂದೆ ಊರೂರು ತಿರುಗುವಾಗ ಹೆಗಲಿಗೆ ರೇಡಿಯೊ ತೂಗಿಕೊಂಡಿರುತ್ತಿದ್ದರು. ಅಡವಿಯಲ್ಲಿ ಒಮ್ಮೆ ಕನ್ನಡ, ಒಮ್ಮೆ ಮರಾಠಿ, ನಡುವೆ ಸ್ಟೇಷನ್ ಸಿಗದೆ ಬರೀ ಗಾಳಿಯಂಥ ಸುಂಯ್ ಸದ್ದು. “ಅಪ್ಪಗ ಹಾಡು ಬೇಕಾಗಿತ್ತು, ನನಗ ನಡುವಿನ ಗಾಳಿನ ಛಲೋ ಅನಸ್ತಿತ್ತು. ಅಂವ ಕಿವಿ ಹಿಂಡಿ ಸ್ಟೇಷನ್ ಹಚ್ತಿದ್ದ” ಎಂದು ನಗುತ್ತಾರೆ. ಮುಂದೆ ರೇಡಿಯೊ ರಿಪೇರಿ ಕಲಿತರು, ಆಮೇಲೆ ಮೈಕ್‌ಸೆಟ್ ಇಟ್ಟರು. ಒಂದು ಕಾಲಕ್ಕೆ ಮಹಾಲಿಂಗಪುರ, ಮುಧೋಳದ ತನಕ ಇವರದೇ ಮೈಕು. ಈಗ ಮದುವೆಗಳನ್ನೆಲ್ಲ ಡಿಜೆಗಳು ಕಿತ್ತುಕೊಂಡಿವೆ. ಕೆಲಸವಿಲ್ಲದ ದಿನ ಮಳೆಗಾಲದ ಕಪ್ಪೆ, ಕಬ್ಬಿನ ಗರಿ, ಪವರ್‌ಲೂಮಿನ ಸದ್ದು ಹಿಡಿದು ತಂದು, ರೇಡಿಯೊ ಮತ್ತು ಮೈಕಿನ ಕೂಗಿನ ಜೊತೆ ಹೊಂದಿಸುತ್ತಾ ಕೂರುತ್ತಾರೆ.

ಇಷ್ಟು ವರ್ಷದಲ್ಲಿ ಅವರು ಬೇಡಿದ್ದು ಒಂದೇ. ತಾನು ಕಟ್ಟಿದ್ದನ್ನು ಜನ ಒಂದೇ ಒಂದು ಸಲ, ಮೊದಲಿನಿಂದ ಕೊನೆಯತನಕ ಕೇಳಬೇಕು. ಹೊಗಳಬೇಕಾಗಿಲ್ಲ, ನಡುವೆ ಬಂದ್ ಮಾಡದಿದ್ದರೆ ಸಾಕು.

ಅಂಥದೊಂದು ಅವಕಾಶ ಹೋದ ವರ್ಷ ಜಮಖಂಡಿಯಲ್ಲಿ ಸಿಕ್ಕಿತ್ತು. ಕಾಲೇಜೊಂದರ ಕಾರ್ಯಕ್ರಮದಲ್ಲಿ ಗೌರೀಶ ಎಂಬ ಉಪನ್ಯಾಸಕರು ಇವರ ಹೆಸರು ಹಾಕಿಸಿದರು. ಸಿದರಾಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ಸಲ ಮೈಕಿನವನಾಗಿ ಅಲ್ಲ, ಕಲಾವಿದನಾಗಿ ವೇದಿಕೆ ಹತ್ತಿದರು. ಆ ಹೊತ್ತಿನ ವಿಡಿಯೊ ನಾನು ನೋಡಿದ್ದೇನೆ. ರೇಡಿಯೊ ಸುಂಯ್ ಎನ್ನುತ್ತದೆ, ಕಪ್ಪೆಗಳು ಬರುತ್ತವೆ, ಮೆಲ್ಲಗೆ ಕೂಗು ಏಳುತ್ತದೆ. ಮುಂದಿನ ಸಾಲಿನ ಅತಿಥಿಗಳು ಮುಖ ಕಿವುಚುತ್ತಾರೆ. ಅಷ್ಟರಲ್ಲಿ ಹೊರಗೆ ಚಹಾ ಕುಡಿಯುತ್ತಿದ್ದವನೊಬ್ಬ ಕಪ್ಪು ಎಸೆದು ಓಡಿ ಬಂದು, ವೇದಿಕೆಗೆ ಹಾರಿ, ಸಿದರಾಯರ ಕೈ ಸರಿಸಿ ಗುಂಡಿ ಇಳಿಸಿಬಿಡುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆ ಅವನಿಗೆ!

ಓಡಿ ಬಂದವನು ಸಾತಪ್ಪ. ಅಂದಿನ ಸೌಂಡ್ ಅವನದೇ. ಅವನಿಗೆ ಮೈಕಿನ ಕೆಲಸ ಕಲಿಸಿದವರು ಇದೇ ಸಿದರಾಯ.

“ಕೆಟ್ಟದ್ದ ಬಗಿಬೇಕಂತ ಮಾಡಲಿಲ್ರಿ” ಎಂದು ಸಾತಪ್ಪ ನನ್ನೆದುರು ತಲೆ ತಗ್ಗಿಸುತ್ತಾನೆ. “ಮೈಕ್ ಕೂಗಿದ್ರ ಮೈಕಿನಾಂವನ ಮಾನ ಹೋದಂಗ ಅಂತ ಅಣ್ಣಾರ ನನಗ ಹೊಡದು ಕಲಿಸ್ಯಾರ. ಅವ್ರ ಮಾನ ಹೋಗಾಕತ್ತೈತಿ ಅಂತ ಓಡಿ ಬಂದ್ನಿ. ಕೈ ತಾನ ಹೋತ್ರಿ.”

ಸಾತಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಉಳಿದವರ ಮೇಲೆ. ನಿರೂಪಕಿ “ತಾಂತ್ರಿಕ ದೋಷಕ್ಕೆ ಕ್ಷಮೆಯಿರಲಿ” ಎಂದು ಜಾನಪದ ಗೀತೆಯವರನ್ನು ಕರೆದಳು. ಅಧ್ಯಕ್ಷರು ಶಾಲು ಹೊದಿಸಿ, ಬೆನ್ನು ತಟ್ಟಿ, ಮನುಷ್ಯನನ್ನು ಮೆಟ್ಟಿಲಿನಿಂದ ಇಳಿಸಿಯೇಬಿಟ್ಟರು. ಕರೆಸಿದ ಗೌರೀಶರಾದರೂ ಎದ್ದು, ಇದು ದೋಷವಲ್ಲ, ಇದೇ ಅವರ ಸಂಗೀತ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕಲೆ, ಕಲಾವಿದ ಎಂದು ಗಂಟೆಗಟ್ಟಲೆ ಭಾಷಣ ಬಿಗಿಯುವ ನಮಗೆ ಹತ್ತು ನಿಮಿಷ ಸುಮ್ಮನೆ ಕೂರಲು ಆಗುವುದಿಲ್ಲ. ಈ ವರ್ಷವೂ ಅದೇ ಕಾಲೇಜು ಸಿದರಾಯರನ್ನು ಕರೆದಿದೆ, ಮೈಕು ಕಟ್ಟುವುದಕ್ಕೆ. ಕೂಗದಂತೆ ನೋಡಿಕೊಳ್ಳಬೇಕು ಎಂಬ ಷರತ್ತೂ ಇದೆ. ಹೊಟ್ಟೆಪಾಡು, ಹೋಗುತ್ತಾರೆ.

ಪೂರ್ತಿ ಕೇಳಿದವರು ಯಾರೂ ಇಲ್ಲವೆ ಎಂದರೆ, ಹೆಂಡತಿ ಸೋಮವ್ವನ ಕಡೆ ಕೈ ತೋರಿಸುತ್ತಾರೆ. ಬನಹಟ್ಟಿಯ ಪವರ್‌ಲೂಮುಗಳಲ್ಲಿ ದುಡಿದೂ ದುಡಿದೂ ಆಕೆಯ ಕಿವಿ ಮಂದವಾಗಿದೆ. ಆಕೆಯನ್ನು ಏನು ಕೇಳಿದರೂ ಕೂಗಿ ಕೇಳಬೇಕು.

“ಸ್ಪೀಕರ್ ಡಬ್ಬಿ ಮ್ಯಾಲ ಕೈ ಇಟ್ಕೊಂಡ ಕುಂದರ್ತೇನ್ರಿ, ಅಂಗೈಗೆ ತಿಳೀತೈತಿ” ಎನ್ನುತ್ತಾಳೆ ಸೋಮವ್ವ. “ಕಿವಿ ಇದ್ದಾವ್ರ ಎದ್ದು ಹೋಗ್ತಾರ. ನಾ ಎಲ್ಲಿ ಹೋಗ್ಲಿ?”

ಇನ್ನು ಬಿಟ್ಟುಬಿಡಬಹುದಲ್ಲ ಎಂದು ನಾನೇ ಕೇಳಿದೆ. ಸಿದರಾಯ ಕೈಯಲ್ಲಿದ್ದ ತಂತಿಯನ್ನು ಪೂರ್ತಿ ಸುತ್ತಿ ಪಕ್ಕಕ್ಕಿಟ್ಟರು.

“ನಾ ಸತ್ತಾಗ ಭಜನಿ ಬ್ಯಾಡ, ಇದನ್ನ ಹಚ್ಚರಿ ಅಂತ ಹೇಳಿಟ್ಟೇನ್ರಿ. ಹೆಣದ ಮುಂದಿನ ಮೈಕ್ ಯಾರೂ ಬಂದ್ ಮಾಡಂಗಿಲ್ಲ. ಮಣ್ಣ ಆಗೂತನಾ ಮಂದಿ ಎದ್ದು ಹೋಗಂಗಿಲ್ಲ. ಕೊನೀತನಾ ಕೇಳಾಕ ಬೇಕು.” ಮತ್ತೆ ಅಂದರು, “ಹಚ್ಚಾಂವ ಸಾತಪ್ಪನ. ಹೂಂ ಅಂದಾನ. ಆದ್ರ ಕೂಗು ಎದ್ದ ಕೂಡ್ಲೆ ಅಂವನ ಕೈ ಸುಮ್ನ ಇರ್ತೈತೋ ಇಲ್ಲೋ, ಅದೊಂದ ಅಂಜಿಕಿ.”

ಏನು ಹೇಳಿದರೆಂದು ಸೋಮವ್ವ ನನ್ನನ್ನು ಕೇಳಿದಳು. ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ. ಆಕೆ ಗಂಡನನ್ನು ನೋಡಿ ಅಂದಳು:

“ಅಂವನ ಕೈ ನಾ ಹಿಡ್ಕೊಂಡ ಕುಂದರ್ತೇನಿ, ತಗೋರಿ.”