ಎಡಸಾಲಿನ ಕಡೆಯ ಬೆಂಚು

ತೊಂಬತ್ತನಾಲ್ಕರ ಜುಲೈ ತಿಂಗಳ ಒಂದು ಶನಿವಾರ, ಬೆಳಗ್ಗೆ ಆರೂ ಮುಕ್ಕಾಲು. ಸ್ಥಳ, ಪೀಣ್ಯದ ಶೆಡ್ಡುಗಳ ನಡುವೆ ಇದ್ದ ನಮ್ಮ ಶಾಲೆಯ ಏಳನೇ ತರಗತಿಯ ಕೋಣೆ. ಹಾಜರಿದ್ದವರು ಮುಖ್ಯೋಪಾಧ್ಯಾಯನಾದ ನಾನು, ಜವಾನ ರಂಗಪ್ಪ, ಮತ್ತು ಒಂದು ಸುತ್ತಿಗೆ. ಎಡಸಾಲಿನ ಕಡೆಯ ಬೆಂಚಿನಲ್ಲಿ ತಲೆಯೆತ್ತಿದ್ದ ಮೊಳೆಯೊಂದನ್ನು ಹೊಡೆಯುವ ಕೆಲಸ ಹಿಂದಿನ ದಿನದಿಂದ ಬಾಕಿಯಿತ್ತು. ಬಾಕಿ ಉಳಿದ ಕೆಲಸ ನನ್ನ ನಿದ್ದೆಗೂ ಮೊಳೆಯೇ.

ನನ್ನ ಶಿಸ್ತಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ನಗುವುದಕ್ಕೆ ನಿಮಗೂ ಅನುಕೂಲವಾಗುತ್ತದೆ. ಮಕ್ಕಳನ್ನು ಎತ್ತರದ ಪ್ರಕಾರ ಕೂರಿಸುವುದು, ಕುಳಿತ ಜಾಗ ವರ್ಷವಿಡೀ ಬದಲಾಗದಂತೆ ನೋಡಿಕೊಳ್ಳುವುದು, ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಗೋಡೆಯ ಕರಿಹಲಗೆಗೆ ಇದ್ದಿಲಿನ ಪುಡಿಯನ್ನೂ ತೊಂಡೆಸೊಪ್ಪಿನ ರಸವನ್ನೂ ಬೆರೆಸಿ ಬಳಿದು, ಮುಖ ಕಾಣುವಷ್ಟು ಮಿರುಗುವವರೆಗೆ ಉಜ್ಜಿಸುವುದು. ತಾಲ್ಲೂಕಿನಲ್ಲೇ ಅಂಥ ಹಲಗೆ ಇಲ್ಲವೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಶುಕ್ರವಾರ ಹನ್ನೊಂದರ ಗಣಿತ ಮುಗಿದು ಮಕ್ಕಳು ಆಟಕ್ಕೆ ಹೋಗಿದ್ದಾಗ ಆ ಮೊಳೆಯನ್ನು ನೋಡಲು ಬಗ್ಗಿದೆ, ಮೊಳೆ ನನ್ನ ಪಂಚೆಯನ್ನು ಹಿಡಿದುಕೊಂಡಿತು. ಪಂಚೆಯ ಮಾನ, ನನ್ನ ಮಾನ ಎರಡೂ ಉಳಿಯಬೇಕಾದರೆ ಅಲ್ಲೇ ಕೂರದೆ ವಿಧಿಯಿರಲಿಲ್ಲ. ಕೂತು ತಲೆಯೆತ್ತಿದರೆ ಕರಿಹಲಗೆ ಬೆಳ್ಳಗಿತ್ತು. ಎದುರು ಶೆಡ್ಡಿಗೆ ಬೇಸಿಗೆ ರಜೆಯಲ್ಲಿ ಹೊಸದಾಗಿ ಹೊದಿಸಿದ್ದ ತಗಡಿಗೆ ಬಿದ್ದ ಬಿಸಿಲು ಬಲಗಡೆಯ ಕಿಟಕಿಯಿಂದ ನುಗ್ಗಿ, ನನ್ನ ಹೆಮ್ಮೆಯ ಹಲಗೆಯ ಮೇಲೆ ಜಾರಿ, ನೇರವಾಗಿ ಆ ಕಡೆಯ ಬೆಂಚಿನ ಕಣ್ಣಿಗೆ ಬಡಿಯುತ್ತಿತ್ತು. ನಾನೇ ಬರೆದಿದ್ದ ಲೆಕ್ಕವನ್ನು ನಾನೇ ಓದಲಾಗಲಿಲ್ಲ. ಮೂವತ್ತು ವರ್ಷ ತರಗತಿಗಳಲ್ಲಿ ನಿಂತಿದ್ದೆ. ಕೂತದ್ದು ಅದೇ ಮೊದಲು.

ಆ ಬೆಂಚು ಮಂಜುಳೆ ಒಬ್ಬಳದೇ. ಎತ್ತರದ ಹುಡುಗಿ, ಆದ್ದರಿಂದ ಕಡೆಯ ಬೆಂಚು. ಶಾಲೆ ತೆರೆದಂದಿನಿಂದ ಹನ್ನೊಂದರ ಗಣಿತದಲ್ಲಿ ಸದಾ ಸೊನ್ನೆ. ಅವಳ ತಾಯಿ ಜಯಮ್ಮ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು, ಓದು ಹತ್ತದ ಮಗಳನ್ನೂ ಅಲ್ಲೇ ಸೇರಿಸುತ್ತೇನೆಂದು ಟಿ.ಸಿ. ಕೇಳಿದ್ದಳು. ಶನಿವಾರದ ಕಿರುಪರೀಕ್ಷೆಯಲ್ಲೂ ಸೊನ್ನೆ ಬಂದರೆ ಕೊಡುತ್ತೇನೆ ಎಂದಿದ್ದೆ. ಶಿಸ್ತಿನ ಮನುಷ್ಯ ನೋಡಿ, ಆಗಲೇ ಬರೆದೂ ಇಟ್ಟಿದ್ದೆ; ಸಹಿಯೊಂದು ಬಾಕಿ.

ಪಂಚೆ ಬಿಡಿಸಿಕೊಂಡು ಅವಳ ಪುಸ್ತಕ ತೆರೆದೆ. ನಾನು ಕೊಟ್ಟದ್ದು ಉದ್ದ 36, ಅಗಲ 15. ಅವಳು ಬರೆದುಕೊಂಡದ್ದು 86, 15. ಗುಣಿಸಿ ತೆಗೆದದ್ದು 1290. ಅವಳು ಕಂಡ ಅಂಕಿಗೆ ಅದು ಸರಿಯಾದ ಉತ್ತರ. ಅದರ ಮೇಲೆ ನನ್ನ ಕೆಂಪು ಗೀಟು. ಪುಟ ತಿರುಗಿಸಿದಷ್ಟೂ ಅದೇ ಕಥೆ.

ಆಟ ಮುಗಿಸಿ ಬಂದವಳನ್ನು ಕರೆದು ಕೇಳಿದೆ, "ಹಲಗೆ ಕಾಣಲ್ಲ ಅಂತ ಯಾಕೆ ಹೇಳಲಿಲ್ಲ?"

"ಎಲ್ರಿಗೂ ಹಂಗೇ ಹೊಳೆಯುತ್ತೆ ಅಂದ್ಕೊಂಡಿದ್ದೆ ಸಾರ್."

ಶನಿವಾರ ಬೆಳಗ್ಗೆ ರಂಗಪ್ಪನೂ ನಾನೂ ಕೋಣೆಯನ್ನೇ ತಿರುಗಿಸಿದೆವು. ಉಗ್ರಾಣದಲ್ಲಿದ್ದ ಹೊಳಪಿಲ್ಲದ ಮರದ ಹಲಗೆಯನ್ನು ಕಿಟಕಿಯಿಲ್ಲದ ಉದ್ದಗೋಡೆಗೆ ತಂದು ನಿಲ್ಲಿಸಿ, ಬೆಂಚುಗಳನ್ನು ಬಿಲ್ಲಿನಂತೆ ಬಾಗಿದ ಎರಡು ಸಾಲು ಮಾಡಿದೆವು. ಬೆಳಕು ಈಗ ಮಕ್ಕಳ ಬೆನ್ನ ಹಿಂದೆ. ಹುಡುಕಿದರೂ ಕಡೆಯ ಬೆಂಚು ಎನ್ನುವುದು ಸಿಗಲಿಲ್ಲ.

"ಇದೇನು ಕ್ಲಾಸೋ, ಮದುವೆ ಊಟದ ಪಂಕ್ತಿಯೋ ಸಾರ್," ಎಂದ ರಂಗಪ್ಪ. "ಇನ್ಸ್‌ಪೆಕ್ಟ್ರು ಬಂದ್ರೆ ಇವತ್ತು ನಾನು ರಜಾ ಇದ್ದೆ ಅಂದ್ಬಿಡಿ."

ಮಕ್ಕಳು ಬಂದರು, ಗದ್ದಲವೂ ಬಂತು. ಅಷ್ಟು ದಿನ ಒಬ್ಬರಿಗೊಬ್ಬರ ಜಡೆಯನ್ನೂ ಕತ್ತನ್ನೂ ಮಾತ್ರ ನೋಡಿಕೊಂಡಿದ್ದವರಿಗೆ ಏಕಾಏಕಿ ಮುಖಗಳು ಸಿಕ್ಕಿದ್ದವು. ಒಬ್ಬಳಿಗೆ ಅರ್ಥವಾಗದ್ದು ಅವಳ ಹುಬ್ಬಿನಲ್ಲೇ ಕಾಣುತ್ತಿತ್ತು, ಎದುರಿಗಿದ್ದವನು ಕೇಳದೆಯೇ ವಿವರಿಸುತ್ತಿದ್ದ. ಬಾಯಿ ಮುಚ್ಚಿಸಲು ಬೆತ್ತ ಎತ್ತಿದ ನಾನು, ಅವರು ಮಾತಾಡುತ್ತಿದ್ದದ್ದು ದಶಾಂಶದ ಬಗ್ಗೆ ಎಂದು ತಿಳಿದು, ಆ ಬೆತ್ತದಿಂದಲೇ ಬೆನ್ನು ಕೆರೆದುಕೊಂಡು ಕೆಳಗಿಟ್ಟೆ.

ಹನ್ನೊಂದಕ್ಕೆ ಕಿರುಪರೀಕ್ಷೆ. ತಗಡು ಎಂದಿನಂತೆ ಉರಿಯಿತು, ಯಾರ ಕಣ್ಣಿಗೂ ಬಡಿಯಲಿಲ್ಲ. ಮಂಜುಳೆಯ ಹಾಳೆಯನ್ನು ಮೊದಲು ತಿದ್ದಿದೆ. ಹತ್ತರಲ್ಲಿ ಒಂಬತ್ತು ಸರಿ. ಹತ್ತನೆಯದನ್ನು ಅಂಕಿ ಸರಿಯಾಗಿ ಬರೆದುಕೊಂಡೇ ತಪ್ಪು ಮಾಡಿದ್ದಳು. ಅವಳ ಸ್ವಂತ ತಪ್ಪು. ಅದನ್ನು ಕಂಡು ನನಗಾದಷ್ಟು ಸಂತೋಷ ಒಂಬತ್ತು ಸರಿಯುತ್ತರಗಳಿಂದಲೂ ಆಗಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಜಯಮ್ಮ ಬಾಗಿಲಲ್ಲಿ ನಿಂತಳು. "ಟೀಸಿ ಬರ್ದಾಯ್ತಾ ಸಾ? ಎಲ್ಡ್ ಗಂಟೆ ಶಿಫ್ಟಿಗೆ ಇವಳ್ನೂ ಕರ್ಕಂಡೋಗ್ಬೇಕು."

ಹಾಳೆ ತೋರಿಸಿದೆ. "ದಡ್ಡತನ ಅವಳದ್ದಲ್ಲ ಕಣಮ್ಮ, ನಾನು ಕೂರಿಸಿದ ಜಾಗದ್ದು. ಅಲ್ಲಿಂದ ಹಲಗೆ ಕಾಣ್ತಿರಲಿಲ್ಲ."

ಅವಳು ಹಾಳೆಯನ್ನೂ ನನ್ನನ್ನೂ ನೋಡಿದಳು. "ನೀವು ಒಂದ್ ದಿನಾನೂ ಅಲ್ಲಿ ಕೂತ್ಕಂಡು ನೋಡಿರ್ಲಿಲ್ವಾ ಸಾ?"

"ಇಲ್ಲಮ್ಮ."

"ಅಂಗಾದ್ರೆ ಇನ್ಮೇಲೆ ನೋಡ್ತಾ ಇರಿ," ಎಂದು ಹೇಳಿ, ಮಗಳ ಕೆನ್ನೆಯ ಸೀಮೆಸುಣ್ಣವನ್ನು ಸೆರಗಿನಿಂದ ಒರೆಸಿ, "ಸೋಮ್ವಾರ ಕಳಿಸ್ತೀನಿ," ಎಂದು ಶಿಫ್ಟಿಗೆ ಒಬ್ಬಳೇ ಹೋದಳು.

ಟಿ.ಸಿ. ಪುಸ್ತಕದ ಹಾಳೆಗಳಿಗೆ ಕ್ರಮಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ಅಡ್ಡಲಾಗಿ ಎರಡು ಗೆರೆ ಎಳೆದು 'ರದ್ದು' ಎಂದು ಬರೆದು, ಬಾಕಿಯಿದ್ದ ಸಹಿಯನ್ನು ಅದರ ಕೆಳಗೆ ಹಾಕಿದೆ. ಆ ವಾರ ಗೋಡೆಯ ಹಲಗೆಯನ್ನು ಉಜ್ಜಿಸಲಿಲ್ಲ. ಕೊನೆಗೆ ಸುತ್ತಿಗೆ ಹಿಡಿದು, ಈಗ ಮೊದಲ ಸಾಲಿಗೆ ಬಂದಿದ್ದ ಆ ಬೆಂಚಿನ ಮೇಲೆ ಮತ್ತೊಮ್ಮೆ, ಈ ಸಲ ನಾನಾಗಿಯೇ ಕೂತು ಹಲಗೆಯತ್ತ ನೋಡಿ, ಎದ್ದು ಮೊಳೆ ಹೊಡೆದೆ. ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ.