ಎಣ್ಣೆ ಹಚ್ಚಿದ ನಾರು

ನನ್ನ ಮೈದುನನ ಕಥೆ ಹೇಳಬೇಕಾದರೆ ಅವನ ಕೂದಲಿನಿಂದಲೇ ಶುರು ಮಾಡಬೇಕು. ತಲೆಯೊಳಗೆ ಹೇಳುವಂಥದ್ದು ಏನೂ ಇರಲಿಲ್ಲವಲ್ಲ! ದಿನಾ ಬೆಳಿಗ್ಗೆ ಅಂಗೈ ತುಂಬ ಎಣ್ಣೆ ಸುರಿದುಕೊಂಡು ಕನ್ನಡಿ ಮುಂದೆ ನಿಂತನೆಂದರೆ, ಸ್ನಾನಕ್ಕೆ ಕಾಯುವವರೆಲ್ಲ ಬಾಗಿಲಾಚೆ. ನಮ್ಮ ಮನೆಯ ಒಂದೊಂದು ದಿಂಬಿನ ಮೇಲೂ ಅವನ ತಲೆಯ ಗುರುತಿತ್ತು. ಇರಲಿ, ದಿಂಬಿನ ಮಾತು ಬಿಡಿ.

ಈ ಮಹಾಶಯ ಶೆಡ್ಡಿನಲ್ಲಿ ಕುರ್ಚಿ ಮಾಡುತ್ತಿದ್ದ. ತೋಟದವರು ಬಿಸಾಡಿದ ಬಾಳೆದಿಂಡನ್ನು ಕೆರೆದು ನಾರು ತೆಗೆಯುವುದು, ಅಚ್ಚಿನಲ್ಲಿ ಹರಡುವುದು, ಮೇಲೆ ರೆಸಿನ್ ಅಂಟು ಸುರಿದು ಗಟ್ಟಿಯಾಗಲು ಬಿಡುವುದು. ಬರೀ ಅಂಟಾದರೆ ಗಾಜಿನ ಹಾಗೆ ಒಡೆಯುತ್ತದೆ, ನಾರು ಅದನ್ನು ಹಿಡಿದಿಡುತ್ತದೆ. ಕೆಲಸವೇನೋ ಒಳ್ಳೆಯದೇ. ಮಾಡುವವನು ನೆಟ್ಟಗಿರಬೇಕಲ್ಲ!

ಶಾಲೆಯ ಹೆಡ್ಮಾಸ್ಟರು, "ಒಂದು ಕುರ್ಚಿ ತಂದು ತೋರ್ಸು. ಗಟ್ಟಿ ಇದ್ರೆ ಇಡೀ ಶಾಲೆಗೆ ನಿಂದೇ" ಅಂದಿದ್ದರು. ಆ ಆರ್ಡರ್ ತಪ್ಪಿದರೆ ಶೆಡ್ಡಿಗೆ ಬೀಗ. ಅವನ ಹೆಂಡತಿ, ಪಾಪ, ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು. ಇವನು? ನಾರು ಸಿಕ್ಕುಗಟ್ಟಿದೆಯೆಂದು ತನ್ನ ಬಾಚಣಿಗೆಯಿಂದಲೇ ಬಾಚಿ, ತನ್ನ ತಲೆಯೆಣ್ಣೆಯನ್ನೇ ಸವರಿದ!

"ಹೆಂಗೆ ಮಿಂಚ್ತಿದೆ ನೋಡಿ, ಅತ್ತಿಗೆ!"

"ಮಿಂಚ್ತಿದೆ ಕಣೋ. ಜಡೆ ಹಾಕಿ ರಿಬ್ಬನ್ನೂ ಕಟ್ಟಿಬಿಡು."

ಕುರ್ಚಿ ಹೊತ್ತು ಅವನು, ಅವನ ಹೆಂಡತಿ, ನಾನು ಮೂವರೂ ಶಾಲೆಗೆ ಹೋದೆವು. ಹೆಡ್ಮಾಸ್ಟರು ಅದರ ಮೇಲೆ ಕೂತರು. ಕಾಲ ಮೇಲೆ ಕಾಲು ಹಾಕಿದರು. ಲಟ್! ನೆಲದ ಮೇಲಿದ್ದರು. ಒಡೆದ ಅಂಚಿನಿಂದ ನಾರು ಎಳೆಎಳೆಯಾಗಿ ಜಾರಿ ಬಂದು ನೇತಾಡುತ್ತಿತ್ತು. ಅವರನ್ನು ಎಬ್ಬಿಸುವುದು ಬಿಟ್ಟು ಈ ಭೂಪ ಹೇಳಿದ್ದೇನು?

"ನೋಡಿ ಸಾರ್, ನಾರು ಒಂದೆಳೇನೂ ತುಂಡಾಗಿಲ್ಲ!"

"ನನ್ ಸೊಂಟ ತುಂಡಾಯ್ತಲ್ಲಯ್ಯ!" ಅವರು ಕೂತಲ್ಲೇ ಒಂದೆಳೆ ಉಜ್ಜಿ ಮೂಸಿದರು. "ಇದೇನು, ತಲೆಯೆಣ್ಣೆ ವಾಸನೆ? ಎಣ್ಣೆ ಮೇಲೆ ಅಂಟು ಹಿಡಿಯತ್ತೇನೋ, ಬುದ್ಧಿವಂತ?"

ಅವನ ಹೆಂಡತಿಯೇ ಕೈಮುಗಿದು ಇನ್ನೊಂದು ಅವಕಾಶ ಕೇಳಿದಳು.

"ಆಗ್ಲಮ್ಮ. ಆದ್ರೆ ಮೊದ್ಲು ಇವ್ನೇ ಕೂರ್ಬೇಕು."

ಆಗ ಇಳಿಯಿತು ನೋಡಿ ಜಂಬ! ತನ್ನ ಸೊಂಟದ ಮಾತು ಬಂದಾಗ ಎಂಥವನೂ ಕೆಲಸ ಕಲಿಯುತ್ತಾನೆ. ಹೊಸ ನಾರು ತಂದ, ಸೋಡಾಪುಡಿ ಹಾಕಿ ತೊಳೆದ, ಗರಿಗರಿಯಾಗುವ ತನಕ ಬಿಸಿಲಲ್ಲಿ ಒಣಗಿಸಿದ. ಎಣ್ಣೆ ಬಾಟಲಿ ಅಟ್ಟ ಸೇರಿತು.

ಹೊಸ ಕುರ್ಚಿಯಲ್ಲಿ ಅವನು ಕಣ್ಣು ಮುಚ್ಚಿ ಕೂತ. ಸಾಲದೆಂದು ಹೆಡ್ಮಾಸ್ಟರು ಡೊಳ್ಳುಹೊಟ್ಟೆಯ ಡ್ರಿಲ್ ಮೇಷ್ಟ್ರನ್ನು ಅವನ ತೊಡೆಯ ಮೇಲೆ ಕೂರಿಸಿದರು. ಕುರ್ಚಿ ಮಿಸುಕಲಿಲ್ಲ. ನರಳಿದ್ದು ಇವನೊಬ್ಬನೇ.

"ಆರ್ಡರ್ ನಿಂದೇ, ಏಳಪ್ಪ" ಅಂದರೂ ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು. ಎಣ್ಣೆ ಕಾಣದ ಕೂದಲು ಒಣಹುಲ್ಲಿನ ಹಾಗೆ ಎದ್ದು ನಿಂತಿತ್ತು. ಅವನ ಮುಖ ನೋಡುವ ಹಾಗಿದ್ದದ್ದು ಆವತ್ತೊಂದೇ ದಿನ, ಕತ್ತೆ.