ಮನೆಯವರ ಫೋಟೋ

"ಮನೆಯವ್ವೆಲ್ಲ ಬನ್ನಿ" ಎಂದು ಕೂಗುತ್ತಾ, ಪಕ್ಕದಲ್ಲಿದ್ದ ಹತ್ತು-ಹನ್ನೆರಡರ ಹುಡುಗಿಯ ಕೈಗೆ ನನ್ನ ಮೊಬೈಲ್ ಕೊಟ್ಟು ಫೋಟೋ ತೆಗೆಯುವಂತೆ ಸನ್ನೆ ಮಾಡಿದೆ. ಸಿದ್ದಾಪುರದಲ್ಲಿ ನನ್ನ ತಂಗಿಯ ಮದುವೆ ಆಗಷ್ಟೇ ಮುಗಿದಿತ್ತು. ಹುಡುಗಿಯ ಮುಖ ನೋಡಿ, ಯಾರ ಜೊತೆಗೋ ಬಂದ ವಿದೇಶಿ ಅತಿಥಿ ಎಂದುಕೊಂಡಿದ್ದೆ. ಅವಳು ಮೊಬೈಲ್ ಎತ್ತಿ ಹಿಡಿದಳು.

ಆಸ್ಟ್ರೇಲಿಯಾದಲ್ಲಿರುವ ಮದುಮಗನ ಅಕ್ಕ ಫೋಟೋಗೆ ನಿಂತ ಸಾಲಿನಿಂದ ಹೊರಬಂದು, "ಯನ್ನ ಮಗಳನ್ನ ಬಿಟ್ಟು ಎಂತಾ ಮನೆ ಫೋಟೋ?" ಎಂದರು. ಅವರು ಕೊರಿಯಾದಿಂದ ದತ್ತು ತಂದು ಬೆಳೆಸಿದ ಮಗಳೇ ಅವಳು. ನಾನು ತೊದಲುವಷ್ಟರಲ್ಲಿ ಹುಡುಗಿಯೇ ನಮ್ಮ ಹವ್ಯಕ ಮಾತಿನಲ್ಲಿ ಅಮ್ಮನಿಗೆ ಹೇಳಿದಳು: "ಅಡ್ಡಿಲ್ಲೆ ಆಯಿ, ಯಂಗೆ ರೂಢಿ ಆಯ್ದು."

ಅವಳನ್ನು ನಡುವೆ ನಿಲ್ಲಿಸಿಕೊಂಡು ಮತ್ತೆ ಫೋಟೋ ತೆಗೆಸಿದೆವು. ಅವಳು ನಕ್ಕಳು, ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ಚಿಕ್ಕ ಹುಡುಗಿಗೆ ಆ ರೂಢಿ ಮಾಡಿಸಿದವರಲ್ಲಿ ಈಗ ನಾನೂ ಒಬ್ಬಳು.